ಎಚ್‌ಪಿವಿ ಲಸಿಕೆ: ಯಾರಿಗೆ ಎಷ್ಟು ಡೋಸ್?

ಪ್ರಶ್ನೆ: ಮಗಳಿಗೆ ಹನ್ನೊಂದು ತುಂಬಿದೆ, ಇನ್ನೂ ಮೈನೆರೆದಿಲ್ಲ. ಗರ್ಭಕಂಠದ ಕ್ಯಾನ್ಸರ್ ಬಾರದಿರಲು ಈಗಲೇ ಎರಡು ಇಂಜೆಕ್ಷನ್ ಹಾಕಿಸಿ ಎನ್ನುತ್ತಾರೆ ಡಾಕ್ಟರ್. ಅಕ್ಕನ ಮಗಳಿಗೆ ಮೂರು ಹಾಕಿದ್ದರು. ಇಷ್ಟು ಬೇಗ ಬೇಕೇ? ಎರಡು ಸಾಕೇ?
– ಒಬ್ಬ ತಾಯಿ, ಹಾಸನ

ಉತ್ತರ: ಮುಟ್ಟಿಗೂ ಈ ಲಸಿಕೆಗೂ ಸಂಬಂಧವಿಲ್ಲ. ಈ ಕ್ಯಾನ್ಸರ್ ತರುವ ಎಚ್‌ಪಿವಿ ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್. ಒಳಹೊಕ್ಕ ವೈರಸ್ಸನ್ನು ಲಸಿಕೆ ಹೊರಗಟ್ಟಲಾರದು, ಹೊಗದಂತೆ ತಡೆಯಬಲ್ಲದು ಅಷ್ಟೆ. ಹಾಗಾಗಿ ಬೇಗ ಹಾಕಿಸಿದಷ್ಟೂ ಲಾಭ. ಎಳೆಯ ವಯಸ್ಸಿನಲ್ಲಿ ದೇಹ ಲಸಿಕೆಗೆ ಚೆನ್ನಾಗಿ ಸ್ಪಂದಿಸುವುದರಿಂದ 9ರಿಂದ 14ರವರೆಗೆ 6 ತಿಂಗಳ ಅಂತರದಲ್ಲಿ 2 ಡೋಸ್ ಸಾಕು. 15 ತುಂಬಿದ ಮೇಲೆ ಶುರು ಮಾಡಿದರೆ 3: ಮೊದಲನೆಯದು, ಅದಾಗಿ 2 ತಿಂಗಳಿಗೆ ಒಂದು, 6 ತಿಂಗಳಿಗೆ ಇನ್ನೊಂದು. ನಿಮ್ಮ ಅಕ್ಕನ ಮಗಳು ಬಹುಶಃ ಈ ಗುಂಪಿನವಳು. ಎಚ್‌ಐವಿ ಇದ್ದವರಿಗೆ, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ತೆಗೆದುಕೊಳ್ಳುವವರಿಗೆ ವಯಸ್ಸು ಎಷ್ಟೇ ಇರಲಿ 3 ಡೋಸ್. 9ರಿಂದ 20ರವರಿಗೆ ಒಂದೇ ಡೋಸ್ ಕೂಡ ಆಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಕೈಯಿಂದ ಹಣ ಕೊಟ್ಟು ಹಾಕಿಸುವಾಗ ಎರಡನ್ನೂ ಮುಗಿಸುವುದೇ ಒಳ್ಳೆಯದೆಂದು ನಮ್ಮ ಸಲಹೆ.

ತಿಂಡಿ ತಿನ್ನಿಸಿ ಕರೆದೊಯ್ಯಿರಿ. ಹದಿಹರೆಯದವರು ಸೂಜಿ ಚುಚ್ಚಿದೊಡನೆ ತಲೆಸುತ್ತಿ ಬೀಳುವುದುಂಟು. ಅದು ಹೆಚ್ಚಾಗಿ ಭಯದಿಂದ. ಕೂರಿಸಿಯೇ ಹಾಕಿಸಿ, 15 ನಿಮಿಷ ಅಲ್ಲೇ ಕೂತಿರಲಿ. ತೋಳು ನೋವು, ಸಣ್ಣ ಜ್ವರ ಒಂದೆರಡು ದಿನ ಇರಬಹುದು. ಮೆಡಿಕಲ್ ಶಾಪಿನಿಂದ ನೀವೇ ಲಸಿಕೆ ಒಯ್ಯುವುದಾದರೆ ಒಂದು ಎಚ್ಚರ: ಅದು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ತಣ್ಣಗಿರಲೆಂದು ಮಂಜುಗಡ್ಡೆಗೆ ತಾಗಿಸಿ ಇಟ್ಟರೆ, ಫ್ರೀಜರಿನಲ್ಲಿಟ್ಟರೆ ಹೆಪ್ಪುಗಟ್ಟಿ ಕೆಡುತ್ತದೆ. ಕರಗಿದ ಮೇಲೆ ನೋಡಲು ಸರಿಯಾಗಿ ಕಂಡರೂ ಬಳಸಬಾರದು. ಕ್ಲಿನಿಕ್ಕಿನವರೇ ತರಿಸಿಡುವುದು ಮೇಲು.

ಪ್ರಶ್ನೆ: ಮಗಳಿಗೆ 13ರಲ್ಲಿ ಮೊದಲ ಡೋಸ್ ಆಯಿತು. ಪರೀಕ್ಷೆ, ಹಾಸ್ಟೆಲ್ ಎಂದು ಒಂದೂವರೆ ವರ್ಷ ಕಳೆಯಿತು. ಮತ್ತೆ ಮೊದಲಿನಿಂದ ಹಾಕಿಸಬೇಕೇ?
– ಓದುಗರು, ಶಿರಸಿ

ಉತ್ತರ: ಬೇಡ. ಉಳಿದ ಒಂದನ್ನು ಹಾಕಿಸಿ, ಮುಗಿಯಿತು. ಈಗ 15 ಆಗಿದ್ದರೂ ಲೆಕ್ಕಕ್ಕೆ ಬರುವುದು ಮೊದಲ ಡೋಸಿನ ದಿನದ ವಯಸ್ಸು. ತಡವಾದರೆ ಕೆಡುಕಿಲ್ಲ, ಅವಸರವೇ ಕೆಡುಕು: ಎರಡು ಡೋಸ್‌ಗಳ ನಡುವೆ 5 ತಿಂಗಳೂ ಆಗಿರದಿದ್ದರೆ ಮೂರನೆಯದು ಬೇಕಾಗುತ್ತದೆ. ಲಸಿಕೆಯ ಹೆಸರು, ತಾರೀಖು ಬರೆದ ಚೀಟಿ ಜೋಪಾನ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನ ಸರ್ವಾವ್ಯಾಕ್ ವೈರಸ್ಸಿನ 4 ಬಗೆಗಳನ್ನು ತಡೆಯುತ್ತದೆ, ಗಾರ್ಡಸಿಲ್ 9 ಒಂಬತ್ತನ್ನು. ಶುರು ಮಾಡಿದ್ದರಲ್ಲೇ ಮುಗಿಸುವುದು ಒಳ್ಳೆಯದು. ಸಿಗದಿದ್ದರೆ ಸಿಕ್ಕಿದ್ದನ್ನು ಹಾಕಿಸಬಹುದು.

ಪ್ರಶ್ನೆ: ನನಗೆ 36, ಇಬ್ಬರು ಮಕ್ಕಳು. ಈಗ ಹಾಕಿಸಿಕೊಂಡರೆ ಪ್ರಯೋಜನವಿದೆಯೇ?
– ಹೆಸರು ಬೇಡ, ಬಳ್ಳಾರಿ

ಉತ್ತರ: ಇದೆ, ಆದರೆ ಕಡಿಮೆ. 45ರವರೆಗೂ ವೈದ್ಯರೊಡನೆ ಮಾತಾಡಿ ನಿರ್ಧರಿಸಬಹುದು. ಕೈಯಲ್ಲಿರುವ ಹಣ ಒಂದಕ್ಕೇ ಸಾಲುವುದಾದರೆ ನಿಮ್ಮ ವಯಸ್ಸಿನಲ್ಲಿ ಅದು ತಪಾಸಣೆಗೆ ಹೋಗಲಿ: 5 ವರ್ಷಕ್ಕೊಮ್ಮೆ ಎಚ್‌ಪಿವಿ ಪರೀಕ್ಷೆ, ಇಲ್ಲವೇ 3 ವರ್ಷಕ್ಕೊಮ್ಮೆ ಪ್ಯಾಪ್ ಸ್ಮಿಯರ್ (ಗರ್ಭಕಂಠದ ಜೀವಕೋಶಗಳನ್ನು ಸವರಿ ತೆಗೆದು ನೋಡುವ ಪರೀಕ್ಷೆ). ಸರ್ಕಾರಿ ಆಸ್ಪತ್ರೆಗಳಲ್ಲಿ ಅಸಿಟಿಕ್ ಆಮ್ಲ ಹಚ್ಚಿ ಗರ್ಭಕಂಠವನ್ನು ನೋಡುವ ಸರಳ ಪರೀಕ್ಷೆಯಿದೆ. ಕೆಲವೇ ನಿಮಿಷದ ಕೆಲಸ. ಲಸಿಕೆ ಹಾಕಿಸಿಕೊಂಡವರೂ 30 ದಾಟಿದ ಮೇಲೆ ತಪಾಸಣೆ ಬಿಡಬಾರದು. ಗರ್ಭಕಂಠದ ಕ್ಯಾನ್ಸರಿನಲ್ಲಿ ಸುಮಾರು 70 ಪ್ರತಿಶತಕ್ಕೆ 16 ಮತ್ತು 18ನೇ ಬಗೆಗಳು ಕಾರಣ. ಲಸಿಕೆ ತಡೆಯದ ಬಗೆಗಳೂ ಇವೆ. ಸಂಪರ್ಕದ ನಂತರ ಅಥವಾ ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಮಾತ್ರ ಮುಂದಿನ ತಪಾಸಣೆಗೆ ಕಾಯದೆ ಕೂಡಲೇ ಸ್ತ್ರೀರೋಗ ತಜ್ಞರನ್ನು ಕಾಣಿ. ಬಸುರಿಯರಿಗೆ ಈ ಲಸಿಕೆ ಹಾಕುವುದಿಲ್ಲ, ನಡುವೆ ಗರ್ಭ ನಿಂತರೆ ಉಳಿದ ಡೋಸ್ ಹೆರಿಗೆಯ ನಂತರ. ಹಾಲೂಡಿಸುವವರು ಹಾಕಿಸಿಕೊಳ್ಳಬಹುದು.

ಪ್ರಶ್ನೆ: ಗಂಡುಮಕ್ಕಳಿಗೂ ಬೇಕೇ?
– ಓದುಗರು, ಮಂಡ್ಯ

ಉತ್ತರ: ಹಾಕಿಸಬಹುದು, ಡೋಸ್ ಲೆಕ್ಕ ಅದೇ. ಇದೇ ವೈರಸ್ ಗಂಡಸರಲ್ಲಿ ಗಂಟಲು, ಗುದದ್ವಾರ, ಶಿಶ್ನದ ಕ್ಯಾನ್ಸರ್ ತರುತ್ತದೆ; 6 ಮತ್ತು 11ನೇ ಬಗೆಗಳು ಜನನಾಂಗದ ಮೇಲೆ ನರಹುಲಿ ಎಬ್ಬಿಸುತ್ತವೆ. ಮನೆಯಲ್ಲಿ ಮಗ, ಮಗಳು ಇಬ್ಬರೂ ಇದ್ದು ಒಬ್ಬರಿಗಷ್ಟೇ ಖರ್ಚು ಹೊಂದುವುದಾದರೆ ಮೊದಲು ಮಗಳಿಗೆ.