ಸಕ್ಕರೆ ಕಾಯಿಲೆಯಿದ್ದರೆ ತೋಟದ ಕೆಲಸ ಬಿಡಬೇಕೇ?

ಪ್ರಶ್ನೆ: ನನಗೆ 71 ವರ್ಷ. ಬ್ಯಾಂಕಿನಿಂದ ನಿವೃತ್ತನಾದಂದಿನಿಂದಲೂ ನಮ್ಮ ಬಡಾವಣೆಯವರು ಸೇರಿ ನಡೆಸುವ ತರಕಾರಿ ತೋಟದಲ್ಲಿ ಸ್ವಇಚ್ಛೆಯಿಂದ ದುಡಿಯುತ್ತಿದ್ದೇನೆ. ಬೆಂಡೆ, ಅಲಸಂಡೆ, ಹರಿವೆಗಳ ಉಸ್ತುವಾರಿಯೆಲ್ಲ ನನ್ನದೇ. ಸಕ್ಕರೆ ಕಾಯಿಲೆಯಿರುವುದರಿಂದ ಮಣ್ಣಿನ ಕೆಲಸ ಬಿಡಬೇಕೆಂದು ಮಗಳು ಪಟ್ಟುಹಿಡಿದಿದ್ದಾಳೆ. ಏನು ಮಾಡಲಿ?
– ಓದುಗರೊಬ್ಬರು, ಉಡುಪಿ

ಉತ್ತರ: ತೋಟವನ್ನು ಬಿಡುವ ಅಗತ್ಯವಿಲ್ಲ, ಆದರೆ ಮಗಳ ಮಾತನ್ನು ತಳ್ಳಿಹಾಕುವಂತೆಯೂ ಇಲ್ಲ. ಕರಾವಳಿಯ ಮಣ್ಣುನೀರಿನಲ್ಲಿ ಮೆಲಿಯೊಯ್ಡೋಸಿಸ್ ಎಂಬ ರೋಗವನ್ನು ತರುವ ಬ್ಯಾಕ್ಟೀರಿಯಾ ಇದ್ದು, ಕಾಲಿನ ಸಣ್ಣ ಗಾಯದ ಮೂಲಕವೂ ಅದು ಒಳಸೇರಬಲ್ಲದು. ಈ ರೋಗಕ್ಕೆ ತುತ್ತಾಗುವವರಲ್ಲಿ ಮಧುಮೇಹಿಗಳೇ ಹೆಚ್ಚು; ಮಳೆಗಾಲದಲ್ಲಿ ಅಪಾಯವೂ ಹೆಚ್ಚು. ಇಲಿಜ್ವರದ ಭಯವೂ ಅದೇ ದಿನಗಳದ್ದು.

ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಸರಿನಲ್ಲಿ ಅಗೆಯುವ, ಕಳೆ ಕೀಳುವ ಕೆಲಸವನ್ನು ಕಿರಿಯರಿಗೆ ಬಿಡಿ. ತೋಟಕ್ಕಿಳಿಯುವಾಗ ಚಪ್ಪಲಿ ಕಳಚಿಡುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ; ನಿಮ್ಮ ಮಟ್ಟಿಗೆ ಅದು ಸಲ್ಲದು. ಗಂಬೂಟು ಮತ್ತು ರಬ್ಬರ್ ಕೈಗವಸು ಧರಿಸಿ, ಮನೆಗೆ ಬಂದೊಡನೆ ಪಾದ ತೊಳೆದು, ಒರೆಸಿ, ಬೆರಳ ಸಂದು ಹಾಗೂ ಹಿಮ್ಮಡಿಯ ಬಿರುಕುಗಳನ್ನು ನೋಡಿಕೊಳ್ಳಿ, ಏಕೆಂದರೆ ಮಧುಮೇಹದಿಂದ ಪಾದದ ಸಂವೇದನೆ ಕುಗ್ಗಿದ್ದರೆ ಮುಳ್ಳು ಚುಚ್ಚಿದ್ದೂ ತಿಳಿಯದು. ಗಾಯವಿರುವ ದಿನ ಮಣ್ಣು ಮುಟ್ಟಬೇಡಿ. ಧನುರ್ವಾಯು ಚುಚ್ಚುಮದ್ದನ್ನು ಪಡೆದು 10 ವರ್ಷ ಕಳೆದಿದ್ದರೆ ವೈದ್ಯರನ್ನು ಕೇಳಿ. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಂಡು ಖಾಲಿ ಹೊಟ್ಟೆಯಲ್ಲಿ ಗುದ್ದಲಿ ಹಿಡಿಯಲೇಬೇಡಿ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ‘ಉಸ್ತುವಾರಿಯೆಲ್ಲ ನನ್ನದೇ’ ಎಂಬ ಮಾತು. ಬಹುಕಾಲ ದುಡಿದವರ ಕೈಯಲ್ಲೇ ಬೀಜದ ಡಬ್ಬಿ, ಪಂಪಿನ ಕೀಲಿಕೈ, ನೀರಿನ ಸರದಿಯ ಲೆಕ್ಕ ಎಲ್ಲವೂ ಉಳಿದುಬಿಡುತ್ತವೆ. ಅವರು ಒಂದು ವಾರ ಮಲಗಿದರೆ ತೋಟವೂ ಮಲಗುತ್ತದೆ. ಕೀಲಿಕೈ ಮತ್ತು ಲೆಕ್ಕವನ್ನು ಈಗಲೇ ಇಬ್ಬರಿಗೆ ಹಂಚಿ, ಬೀಜದ ಕೆಲಸವನ್ನು ಇಟ್ಟುಕೊಳ್ಳಿ. ಒಳ್ಳೆಯ ಗಿಡದ ಮೊದಲ ಬೆಂಡೆಕಾಯಿಗಳನ್ನು ಕೊಯ್ಯದೆ, ಅಲುಗಿಸಿದರೆ ಬೀಜ ಸದ್ದಾಗುವಷ್ಟು ಗಿಡದಲ್ಲೇ ಒಣಗಲು ಬಿಡುವುದು, ಹರಿವೆಯ ಒಣಗಿದ ತೆನೆಯನ್ನು ಉಜ್ಜಿ ಗೆರಸೆಯಲ್ಲಿ ಕೇರುವುದು, ಇವೆಲ್ಲ ಜಗಲಿಯಲ್ಲಿ ಕುಳಿತೋ, ನೆಲ ಒಣಗಿದ ಮೇಲೆ ತೋಟದಲ್ಲಿ ನಿಂತೋ ಮಾಡುವಂಥವು. ಹೊಸಬರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಇನ್ನೂ ಒಳ್ಳೆಯದು.

ಮಗಳಿಗೆ ಒಂದು ಮಾತು ಕೊಡಿ: ಬಿಡದ ಜ್ವರ, ಕೆಮ್ಮು ಅಥವಾ ಕೀವು ತುಂಬಿದ ಬಾವು ಕಂಡರೆ ಮನೆಮದ್ದಿನಲ್ಲಿ ದಿನ ಕಳೆಯದೆ ಆಸ್ಪತ್ರೆಗೆ ಹೋಗಿ, ಮಧುಮೇಹವಿರುವುದರ ಜೊತೆಗೆ ತೋಟದಲ್ಲಿ ದುಡಿಯುವುದನ್ನೂ ವೈದ್ಯರಿಗೆ ನೀವಾಗಿಯೇ ಹೇಳುತ್ತೀರೆಂದು. ಮೆಲಿಯೊಯ್ಡೋಸಿಸ್ ಕೆಲವೊಮ್ಮೆ ಕ್ಷಯದಂತೆ ತೋರುವುದರಿಂದ, ಸರಿಯಾದ ಪರೀಕ್ಷೆ ಬೇಗ ಆಗಲು ಆ ಮಾಹಿತಿ ನೆರವಾಗುತ್ತದೆ.