ಓಟಿ ಪಟ್ಟಿ ಯಾರ ಕೈಲಿದೆ?

ಮಂಡ್ಯದಿಂದ ಬಂದಿರುವ ಈ ಕಾಗದ ನಾಲ್ಕು ಪುಟದ್ದು. ತಮ್ಮ ಹೆಸರೂ ಬೇಡ, ಕಾರ್ಖಾನೆಯ ಹೆಸರೂ ಬೇಡ ಎಂದು ಎರಡೆರಡು ಕಡೆ ಬರೆದಿದ್ದಾರೆ, ಹಾಕುವುದಿಲ್ಲ. ಕೆಲಸದ ಜಾಗದಲ್ಲಿ ತಮ್ಮ ಭಕ್ತಿಯನ್ನು ಊರಿಗೆಲ್ಲ ಹಂಚುವವರ ಮೇಲಿನ ದೂರು ಹೊಸದೇನಲ್ಲ. ಆದರೆ ಮೂರನೇ ಪುಟದ ಕೊನೆಯಲ್ಲಿ ಒಂದು ಸಾಲು ಹಾಗೇ ಬಂದು ಹೀಗೇ ಹೋಗುತ್ತದೆ. ಅದನ್ನು ಓದಿ ಮೈ ಉರಿಯಿತು.

ಮೊದಲು ವಿಷಯ. ಇವರಿಗೆ 31 ವರ್ಷ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ಮೂರು ವರ್ಷದಿಂದ ಕೆಲಸ, ಓಡಾಟ ಕಂಪನಿ ಬಸ್ಸಿನಲ್ಲಿ. ಸೆಕ್ಷನ್ನಿನಲ್ಲಿ ಹಿರಿಯರೊಬ್ಬರಿದ್ದಾರೆ, ಎಲ್ಲರಿಗೂ ಅವರು ‘ಅಣ್ಣ’. ಜಿಆರ್‌ಎನ್ (ಬಂದ ಸಾಮಾನಿನ ರಸೀದಿ) ಹಾಕುವುದು, ಬಿನ್ ಕಾರ್ಡ್ (ದಾಸ್ತಾನು ಚೀಟಿ) ತಾಳೆ ನೋಡುವುದು ಎಲ್ಲವನ್ನೂ ಇವರಿಗೆ ಕಲಿಸಿದವರು ಅವರೇ. ಅಣ್ಣ ಗುರುಗಳೊಬ್ಬರ ಭಕ್ತರು. ಶಿಫ್ಟ್ ಶುರುವಾಗುವ ಮುಂಚೆ ಹತ್ತು ನಿಮಿಷ ಎಲ್ಲರನ್ನೂ ನಿಲ್ಲಿಸಿ ಮೀಟಿಂಗ್ ಮಾಡುತ್ತಾರಲ್ಲ, ಅದರಲ್ಲಿ ಸೇಫ್ಟಿಗೆ ಎರಡು ನಿಮಿಷ, ಗುರುಗಳ ಮಾತಿಗೆ ಎಂಟು. ಇಂಡೆಂಟಿನ (ಸಾಮಾನು ಬೇಡಿಕೆಯ) ಲೆಕ್ಕ ಬರಬೇಕಾದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪ್ರವಚನದ ವಿಡಿಯೊ. ಗುರುವಾರ ಸಂಜೆ ಸತ್ಸಂಗಕ್ಕೆ ‘ಬಾರಮ್ಮ’ ಅಂತ ವಾರ ತಪ್ಪದೆ ಕರೆ.

ಇಷ್ಟಾದರೆ ಸಹಿಸಬಹುದಿತ್ತೇನೋ. ಇವರಿಗೆ ಎರಡು ಸಲ ಗರ್ಭ ನಿಲ್ಲದೆ ಹೋಗಿದೆ. ಎರಡನೆಯದಾದ ಮೇಲೆ ಕೆಲಸಕ್ಕೆ ಮರಳಿದ ದಿನ ಕ್ಯಾಂಟೀನಿನಲ್ಲಿ ಬುತ್ತಿ ಬಿಚ್ಚಿದ್ದಾರೆ. ಅಣ್ಣ ಎದುರಿಗೆ ಬಂದು ಕೂತು, ಡಬ್ಬಿ ನೋಡಿ, ಮೆಲ್ಲಗೆ ಹೇಳಿದ್ದು: “ಕೋಳಿ ಸಾರು ಬಿಡಮ್ಮ. ಹನ್ನೊಂದು ಗುರುವಾರ ಮಾಡು. ಮಗು ನಿಲ್ತದೆ.” ಮುದ್ದೆ ಮುರಿದ ಕೈ ಬಾಯಿಗೆ ಹೋಗಲಿಲ್ಲವಂತೆ. ಅವತ್ತಿನಿಂದ ಇವರ ಊಟ ಸ್ಟೋರ್ಸ್‌ನ ಕೊನೇ ರ್‍ಯಾಕಿನ ಹಿಂದೆ, ಒಬ್ಬರೇ.

“ಅವರ ಮನಸ್ಸು ನೋಯದ ಹಾಗೆ ಹೇಗೆ ಬೇಡ ಅನ್ನಲಿ?” ಎಂಬುದು ಇವರ ಪ್ರಶ್ನೆ. ಯಾರ ಮನಸ್ಸು ನೊಂದಿದೆ ಎಂದು ಯಾರೂ ಇವರನ್ನು ಕೇಳಿದಂತಿಲ್ಲ.

ಇನ್ನು ಆ ಸಾಲು, ಓಟಿ ಅಂದರೆ ಓವರ್‌ಟೈಮ್ ಬಗ್ಗೆ ಬರೆದದ್ದು. “ಈಚೆಗೆ ನನಗೆ ಓಟಿ ಬರ್ತಿಲ್ಲ. ಲಿಸ್ಟ್ ಬರೆಯೋದು ಅಣ್ಣನೇ, ಅದು ಬೇರೆ ವಿಷಯ.”

ಅಲ್ಲ ತಾಯಿ, ಅದು ಬೇರೆ ವಿಷಯ ಅಲ್ಲ. ಅದೇ ವಿಷಯ.

ಮೊದಲು ತಿಂಗಳಿಗೆ ಐದಾರು ಓಟಿ ಸಿಗುತ್ತಿತ್ತು, ಕಳೆದ ಎರಡು ತಿಂಗಳಲ್ಲಿ ಒಟ್ಟು ಒಂದೇ ಒಂದು ಎಂದಿದ್ದೀರಿ. ಓಟಿಗೆ ಕಾಯ್ದೆ ಪ್ರಕಾರ ಮಾಮೂಲಿ ಕೂಲಿಯ ಎರಡರಷ್ಟು ಕೊಡಬೇಕು. ನಾಲ್ಕು ಗಂಟೆ ಓಟಿ ಅಂದರೆ ಪೂರ್ತಿ ಒಂದು ದಿನದ ಕೂಲಿ. ಹೆಚ್ಚುಕಡಿಮೆ ಐದು ದಿನದ ಸಂಬಳ ಪ್ರತಿ ತಿಂಗಳೂ ನಿಮ್ಮ ಕೈ ತಪ್ಪುತ್ತಿದೆ. ಸತ್ಸಂಗಕ್ಕೆ ಹೋಗುವ ಇಬ್ಬರಿಗೆ ಜಾಸ್ತಿ ಬರುತ್ತಿದೆ ಎಂದೂ ಬರೆದು, “ಅವರು ಸೀನಿಯರ್ ಅಂತಿರಬಹುದು” ಎಂದು ನೀವೇ ಸಮಾಧಾನ ಹೇಳಿಕೊಂಡಿದ್ದೀರಿ. ನಿಮ್ಮ ರಜೆ ಅರ್ಜಿಯೂ ಮೊದಲು ಅಣ್ಣನ ಟೇಬಲ್ಲಿಗೇ ಹೋಗುತ್ತದಂತೆ. ಗರ್ಭ ಹೋದ ಸಂಗತಿ ಅವರಿಗೆ ತಿಳಿದದ್ದು ಹಾಗೆ. ಆಸ್ಪತ್ರೆ ಚೀಟಿ ಅದರ ಜೊತೆಯಲ್ಲೇ ಇತ್ತಲ್ಲ.

ಪಕ್ಕದಲ್ಲಿ ಕೂತು ಕೆಲಸ ಮಾಡುವವರು ದೇವರ ವಿಷಯ ಮಾತಾಡಿದರೆ ಅದು ಕಿರಿಕಿರಿ. ನಿಮ್ಮ ಓಟಿ, ರಜೆ ಎರಡನ್ನೂ ಕೈಲಿಟ್ಟುಕೊಂಡವರು ಮಾತಾಡಿದರೆ ಅದು ಒತ್ತಡ, ಅವರು ಅದನ್ನು ಎಷ್ಟೇ ಪ್ರೀತಿಯಿಂದ ಹೇಳಲಿ. ನಿಮ್ಮ ಯಜಮಾನರಿಗೆ ಇದು ಸರಿಯಾಗಿಯೇ ಗೊತ್ತಾಗಿದೆ. “ಒಂದ್ಸಲ ಹೋಗಿ ಬಂದ್ಬಿಡು, ಓಟಿ ತಾನಾಗೇ ಬರ್ತದೆ” ಅಂದಿದ್ದಾರಲ್ಲ. ರೋಗ ಸರಿಯಾಗಿ ಗುರುತಿಸಿ ತಪ್ಪು ಔಷಧಿ ಬರೆದಿದ್ದಾರೆ. ಒಂದು ಸಲ ಹೋದವರನ್ನು ಎರಡನೇ ಸಲ ಕರೆಯುವುದು ಸುಲಭ, ಮೂರನೇ ಸಲ ಬರದಿದ್ದರೆ “ಯಾಕಮ್ಮ ಬಿಟ್ಬಿಟ್ಟೆ?” ಅಂತ ಕೇಳುವ ಹಕ್ಕೂ ಅವರಿಗೆ ಬಂದುಬಿಡುತ್ತದೆ.

ಅಣ್ಣನ ಮೇಲೆ ನನಗೆ ಅಷ್ಟೇನೂ ಸಿಟ್ಟಿಲ್ಲ ಎಂದರೆ ನಿಮಗೆ ಬೇಸರವಾಗಬಹುದು. ಕೋಳಿ ಸಾರಿನ ಮಾತು ಕ್ರೂರ, ಅದರಲ್ಲಿ ಎರಡನೇ ಮಾತಿಲ್ಲ. ಆದರೆ ಹೇಳಿದವರಿಗೆ ಅದು ಕ್ರೂರ ಅಂತ ಹೊಳೆದಿರಲಿಕ್ಕಿಲ್ಲ. ತನಗೆ ಒಳ್ಳೆಯದಾಗಿದ್ದು ಎಲ್ಲರಿಗೂ ಆಗಲಿ ಅನ್ನುವ ಜನ. ನನ್ನ ಸಿಟ್ಟು ನಿಮ್ಮ ಸೆಕ್ಷನ್ ಆಫೀಸರ್ ಮೇಲೆ. ಓಟಿ ಪಟ್ಟಿ ಬರೆಯುವುದು ಅವರ ಕೆಲಸ, ಅದಕ್ಕೆ ಅವರಿಗೆ ಸಂಬಳವಿದೆ. ತಲೆನೋವು ಬೇಡ ಅಂತ ಜೊತೆ ಕೆಲಸಗಾರನ ಕೈಗೆ ಪೆನ್ನು ಕೊಟ್ಟು, ಕೆಳಗೆ ಬರೀ ಸಹಿ ಹಾಕಿ ಕೂತಿದ್ದಾರೆ. ಹೆಣ್ಣುಮಗಳೊಬ್ಬಳ ಆಸ್ಪತ್ರೆ ಚೀಟಿ ಇಡೀ ಸೆಕ್ಷನ್ ಸುತ್ತಿ ತಮ್ಮ ಟೇಬಲ್ಲಿಗೆ ಬಂದರೂ ಅವರಿಗೆ ಏನೂ ಅನ್ನಿಸಿಲ್ಲ. ಮೇಲಿಂದ, ನೀವು ಹೇಳಿಕೊಂಡಾಗ “ದೇವರ ವಿಷಯ ತಾನೇ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ” ಎಂದರಂತೆ. ಈ ಅಂಕಣ ಓದುವವರಿಗೆ ಈ ಅಡ್ಜಸ್ಟ್ ಅನ್ನುವ ಮಾತಿನ ಮೇಲೆ ನನಗಿರುವ ದ್ವೇಷ ಗೊತ್ತೇ ಇದೆ. ಅಡ್ಜಸ್ಟ್ ಆಗಬೇಕಾದವರು ಯಾವಾಗಲೂ ಚಿಕ್ಕ ಸಂಬಳದವರೇ ಆಗಿರುತ್ತಾರೆ.

ಆದ್ದರಿಂದ ಮಾಡಬೇಕಾದ್ದು ಒಂದೇ. ಆಫೀಸರಿಗೆ ಲಿಖಿತವಾಗಿ ಒಂದು ಅರ್ಜಿ ಕೊಡಿ. ಅದರಲ್ಲಿ ದೇವರು, ಗುರು, ಸತ್ಸಂಗ, ಕೋಳಿ ಸಾರು, ಯಾವುದೂ ಬರಕೂಡದು.

ಇದು ನಿಮಗೆ ವಿಚಿತ್ರವಾಗಿ ಕಾಣುತ್ತದೆ, ಗೊತ್ತು. ಕಾರಣ ಹೇಳುತ್ತೇನೆ. ಅರ್ಜಿಯಲ್ಲಿ ‘ಧರ್ಮ’ ಎಂದು ಬಂದ ಕೂಡಲೇ ಸೆಕ್ಷನ್ ಎರಡು ಪಾಲಾಗುತ್ತದೆ. ನಿಮಗೆ ದೇವರಲ್ಲಿ ನಂಬಿಕೆ ಇದೆಯೋ ಇಲ್ಲವೋ, ನೀವು ಯಾವ ಜಾತಿ, ಗುರುಗಳು ದೊಡ್ಡವರೋ ಅಲ್ಲವೋ, ಎಲ್ಲ ಚರ್ಚೆಗೆ ಬರುತ್ತದೆ. ಓಟಿ ಮಾತ್ರ ಬರುವುದಿಲ್ಲ. ಎಚ್‌ಆರ್‌ನವರು ಇಬ್ಬರನ್ನೂ ಕರೆದು ಕಾಫಿ ಕೊಟ್ಟು, ಅಣ್ಣನ ಕೈಲಿ “ತಪ್ಪು ತಿಳ್ಕೋಬೇಡಮ್ಮ” ಎನ್ನಿಸಿ ಕಳಿಸುತ್ತಾರೆ. ಪಟ್ಟಿ ಅವರ ಕೈಲೇ ಉಳಿಯುತ್ತದೆ. ಓಟಿ ತಪ್ಪಿಸಿದ್ದು ಬೇಕೆಂದೇ ಎಂದು ಸಾಬೀತು ಮಾಡಲು ಹೊರಟರೂ ಸೋಲುತ್ತೀರಿ. ಮನಸ್ಸಿನೊಳಗೆ ಏನಿತ್ತು ಅನ್ನುವುದಕ್ಕೆ ಸಾಕ್ಷಿ ಎಲ್ಲಿಂದ ತರುತ್ತೀರಿ? ಗಂಟೆಗಳ ಲೆಕ್ಕಕ್ಕೆ ಆ ತಾಪತ್ರಯವಿಲ್ಲ.

ಸಂಬಳ ಚೀಟಿಯಲ್ಲಿ ಓಟಿ ಗಂಟೆ ಬೇರೆಯಾಗಿ ನಮೂದಾಗಿರುತ್ತದೆ. ಕಳೆದ ಆರು ತಿಂಗಳ ಚೀಟಿ ಜೋಡಿಸಿ. ಮೊದಲ ನಾಲ್ಕು ತಿಂಗಳಲ್ಲಿ ಎಷ್ಟು ಗಂಟೆ, ಈಚಿನ ಎರಡರಲ್ಲಿ ಎಷ್ಟು, ಒಂದು ಬಿಳಿ ಹಾಳೆಯಲ್ಲಿ ಬರೆಯಿರಿ. ಬೇರೆಯವರಿಗೆ ಎಷ್ಟು ಸಿಕ್ಕಿತು ಎಂದು ಊಹಿಸಿ ಬರೆಯಬೇಡಿ. ಅದು ಆಫೀಸಿನ ರಿಜಿಸ್ಟರಿನಲ್ಲಿದೆ, ಅವರೇ ನೋಡಿಕೊಳ್ಳಲಿ. ಅರ್ಜಿಯ ಒಕ್ಕಣೆ ಹೀಗಿರಲಿ:

“ಸ್ಟೋರ್ಸ್ ವಿಭಾಗದ ಓಟಿ ಪಟ್ಟಿಯನ್ನು ಸದ್ಯ ಸಹೋದ್ಯೋಗಿಯೊಬ್ಬರು ಬರೆಯುತ್ತಿದ್ದಾರೆ. ಕಳೆದ ಎರಡು ತಿಂಗಳಲ್ಲಿ ನನ್ನ ಓಟಿ ಗಂಟೆಗಳು ಇಷ್ಟಕ್ಕೆ ಇಳಿದಿವೆ. ಸಂಬಳ ಚೀಟಿಗಳ ನಕಲು ಲಗತ್ತಿಸಿದ್ದೇನೆ. ಮುಂದಿನ ವಾರದಿಂದ ಪಟ್ಟಿಯನ್ನು ತಾವೇ ಸರದಿ ಪ್ರಕಾರ ತಯಾರಿಸಿ ನೋಟಿಸ್ ಬೋರ್ಡಿಗೆ ಹಾಕಿಸಬೇಕೆಂದು ಕೋರುತ್ತೇನೆ. ನನ್ನ ರಜೆ ಅರ್ಜಿ ಮತ್ತು ವೈದ್ಯಕೀಯ ಕಾಗದಗಳನ್ನು ಇನ್ನು ಮುಂದೆ ನೇರವಾಗಿ ತಮಗೇ ಕೊಡುತ್ತೇನೆ.”

ಕೊನೆಯ ವಾಕ್ಯದಲ್ಲಿ ‘ಕೊಡಲು ಅವಕಾಶ ಮಾಡಿಕೊಡಿ’ ಎಂದು ಸೇರಿಸಬೇಡಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ತಾರೀಕಿನೊಂದಿಗೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಸಹಿ ಹಾಕಲು ಹಿಂದೆಮುಂದೆ ನೋಡಿದರೆ ಅದನ್ನೇ ಇಮೇಲ್ ಮಾಡಿ, ಎಚ್‌ಆರ್‌ಗೆ ಪ್ರತಿ ಹೋಗಲಿ. ನೀವು ಪರ್ಮನೆಂಟೋ ಕಾಂಟ್ರ್ಯಾಕ್ಟೋ ಬರೆದಿಲ್ಲ. ಕಾಂಟ್ರ್ಯಾಕ್ಟ್ ಆದರೆ ಸಂಬಳ ಕೊಡುವ ಗುತ್ತಿಗೆದಾರರಿಗೂ ಒಂದು ಪ್ರತಿ ಕೊಡಿ. ಇಲ್ಲದಿದ್ದರೆ ಇವರು ಅವರ ಕಡೆ, ಅವರು ಇವರ ಕಡೆ ಬೊಟ್ಟು ಮಾಡಿ ಕೈ ತೊಳೆದುಕೊಳ್ಳುತ್ತಾರೆ. ಹತ್ತು ದಿನ ಕಳೆದರೂ ಉತ್ತರವಿಲ್ಲದಿದ್ದರೆ ಅದೇ ಅರ್ಜಿ ಕುಂದುಕೊರತೆ ಸಮಿತಿಗೆ ಹೋಗಲಿ. 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಈ ಸಮಿತಿ ಇರಲೇಬೇಕು, ಅದರಲ್ಲಿ ಅರ್ಧ ಜನ ಕಾರ್ಮಿಕರೇ ಇರಬೇಕು. ಯೂನಿಯನ್ ಇದ್ದರೆ ಅಲ್ಲಿಗೂ ತಿಳಿಸಿ.

ಲೈಂಗಿಕ ಕಿರುಕುಳದ ಆಂತರಿಕ ಸಮಿತಿಗೆ ಹೋಗು ಎಂದು ಗೆಳತಿ ಸೂಚಿಸಿದ್ದನ್ನು ಬರೆದಿದ್ದೀರಿ. ಬೇಡ. 2013ರ ಆ ಕಾಯ್ದೆ ಲೈಂಗಿಕ ಸ್ವರೂಪದ ವರ್ತನೆಗೆ ಸಂಬಂಧಿಸಿದ್ದು. ಅಣ್ಣನ ಮಾತು ಎಷ್ಟೇ ನೋಯಿಸಿರಲಿ, ಆ ಬಾಗಿಲು ತಟ್ಟಿದರೆ ದೂರು ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಅನ್ನುತ್ತಾರೆ, ಆಮೇಲೆ ನಿಮ್ಮ ಓಟಿ ಅರ್ಜಿಯನ್ನೂ ಅದೇ ಅನುಮಾನದಿಂದ ನೋಡುತ್ತಾರೆ. ಮೈ ಮುಟ್ಟುವುದೋ, ದಾಂಪತ್ಯದ ಬಗ್ಗೆ ಅಸಹ್ಯವಾಗಿ ಕೇಳುವುದೋ ಆದರೆ ಮಾತು ಬೇರೆ; ಆಗ 3 ತಿಂಗಳೊಳಗೆ ದೂರು ಕೊಡಬೇಕು, ನೆನಪಿರಲಿ.

ಇನ್ನು ಅಣ್ಣನಿಗೆ ಏನು ಹೇಳುವುದು. ಇಲ್ಲಿಯವರೆಗೆ ನೀವು ಹೇಳಿದ ನೆಪಗಳನ್ನೆಲ್ಲ ಪಟ್ಟಿ ಮಾಡಿದ್ದೀರಿ, ಒಂದೊಂದೂ ಸೋತಿದ್ದು ಯಾಕೆ ಅನ್ನುವುದು ಅಲ್ಲೇ ಕಾಣುತ್ತದೆ. “ಟೈಮಿಲ್ಲ ಅಣ್ಣ” ಅಂದಿರಿ, ಭಾನುವಾರದ ಬ್ಯಾಚ್ ಇದೆ ಅಂದರು. “ಬಸ್ ತಪ್ಪುತ್ತೆ” ಅಂದಿರಿ, ಬೈಕಲ್ಲಿ ಸ್ಟೇಷನ್ನಿಗೆ ಬಿಡಿಸ್ತೀನಿ ಅಂದರು. “ಅತ್ತೆ ಒಪ್ಪಲ್ಲ” ಅಂದಿರಿ, ಅತ್ತೆಯ ಹತ್ತಿರ ನಾನೇ ಮಾತಾಡ್ತೀನಿ ಅಂತ ಮನೆಗೇ ಬರಲು ಹೊರಟರು. ಕಾರಣ ಕೊಟ್ಟರೆ ಪರಿಹಾರ ಕೊಡುತ್ತಾರೆ. ಕಾರಣವನ್ನೇ ಕೊಡಬೇಡಿ. “ಅಣ್ಣ, ಸ್ಟೋರ್ಸ್ ವಿಷಯ ಏನಿದ್ರೂ ನೀವು ಹೇಳಿದಂಗೆ ಕೇಳ್ತೀನಿ. ಪೂಜೆ ವಿಷಯ, ಮಗು ವಿಷಯ ನಾವು ಮನೇಲಿ ನೋಡ್ಕೋತೀವಿ.” ಅಷ್ಟೇ. ಬೇರೆಯವರ ಎದುರಲ್ಲಿ ಬೇಡ, ಅವಮಾನವಾಯಿತು ಅಂದುಕೊಂಡಾರು. ಇಂಡೆಂಟ್ ಕೊಡುವ ಹೊತ್ತಿಗೆ ಕೌಂಟರಿನಲ್ಲಿ ಹೇಳಿ, ಹೇಳಿದವರೇ ಕೆಲಸದ ಪ್ರಶ್ನೆಯೊಂದನ್ನು ಕೇಳಿ. ಮತ್ತೆ ಶುರುಮಾಡಿದರೆ ಅದೇ ಮಾತು, ಅದೇ ದನಿ, ಒಂದಕ್ಷರ ಹೆಚ್ಚಿಲ್ಲ.

ವಾಟ್ಸ್‌ಆ್ಯಪ್ ಗುಂಪು ಬಿಡಬೇಡಿ, ಇಂಡೆಂಟಿನ ಸುದ್ದಿಯೂ ಅಲ್ಲೇ ಬರುತ್ತದೆ. ಪ್ರತಿ ವಿಡಿಯೊಗೂ ಕೈ ಮುಗಿಯುವ ಗುರುತು ಹಾಕುತ್ತಿದ್ದೀರಲ್ಲ, ಅದನ್ನು ನಿಲ್ಲಿಸಿ. ನೀವು ಸೌಜನ್ಯಕ್ಕೆ ಹಾಕಿದ್ದು ನಾಳೆ ‘ಇವರೂ ಇಷ್ಟಪಟ್ಟಿದ್ದರು’ ಅನ್ನುವುದಕ್ಕೆ ಸಾಕ್ಷಿಯಾಗುತ್ತದೆ. ಬಂದದ್ದನ್ನು ಅಳಿಸಲೂ ಬೇಡಿ. ಪ್ರಸಾದ ಕೊಟ್ಟರೆ ತಿನ್ನಿ, ಅದರಲ್ಲೇನಿದೆ.

“ಸಂವಿಧಾನದಲ್ಲಿ ನನಗೆ ಹಕ್ಕಿದೆ” ಎಂದು ಅಣ್ಣ ಹೇಳಿದರಂತೆ. ಇದೆ. 25ನೇ ವಿಧಿ ಧರ್ಮವನ್ನು ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಅದೇ ವಿಧಿ ನಿಮ್ಮ ಆತ್ಮಸಾಕ್ಷಿಗೂ ಅಷ್ಟೇ ಸ್ವಾತಂತ್ರ್ಯ ಕೊಟ್ಟಿದೆ. ಶಿಫ್ಟ್ ಮೀಟಿಂಗಿನಲ್ಲಿ ನಿಂತವರು ಬಿಟ್ಟು ಹೋಗುವಂತಿಲ್ಲ, ಅಲ್ಲಿ ಕೇಳಿಸುವುದು ಪ್ರಚಾರವಲ್ಲ, ಹಾಜರಿ. ನಮ್ಮ ಕಾರ್ಖಾನೆಗಳಲ್ಲಿ ಆಯುಧಪೂಜೆ ಆಗುವುದಿಲ್ಲವೇ? ಮೆಷಿನ್ ತೊಳೆದು, ಬೂದುಗುಂಬಳ ಒಡೆದು, ಕಡ್ಲೆಪುರಿ ಹಂಚುತ್ತಾರೆ. ಬಂದವರು ಬಂದರು, ಬಾರದವರ ಓಟಿ ಯಾರೂ ಕತ್ತರಿಸುವುದಿಲ್ಲ.

ಕೊನೆಗೆ, ನೀವು ಕೇಳದೇ ಇದ್ದ ಮಾತು. ಎರಡನೇ ಸಲ ನಾಲ್ಕು ದಿನ ಸಿಎಲ್ ಹಾಕಿ ಕೆಲಸಕ್ಕೆ ಬಂದೆ ಎಂದಿದ್ದೀರಿ. ಗರ್ಭಪಾತವಾದರೆ 6 ವಾರ ಸಂಬಳಸಹಿತ ರಜೆ 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಕಾಲದಿಂದಲೂ ಇದೆ. ಸಂಬಳದಲ್ಲಿ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಡಿತವಾಗುತ್ತಿದ್ದರೆ 42 ದಿನದ ಹಣ ಇಎಸ್‌ಐನಿಂದ ಬರಬೇಕು. ಇದನ್ನು ಹೇಳಬೇಕಾಗಿದ್ದವರೂ ಅದೇ ಆಫೀಸರ್. ಡಿಸ್ಚಾರ್ಜ್ ಕಾಗದ ಹಿಡಿದು ಇಎಸ್‌ಐ ಶಾಖಾ ಕಚೇರಿಯಲ್ಲಿ ಈಗಲಾದರೂ ವಿಚಾರಿಸಿ.

ಕೋಳಿ ಸಾರಿನಿಂದ ಗರ್ಭ ಹೋಗುವುದಿಲ್ಲ. ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ಕ್ರೋಮೋಸೋಮಿನ ದೋಷವೇ ಕಾರಣ, ತಾಯಿ ಏನು ತಿಂದಳು ಎಂಬುದಲ್ಲ. ಎರಡು ಸಲ ಆಗಿರುವುದರಿಂದ ಥೈರಾಯ್ಡ್, ಸಕ್ಕರೆ, ಗರ್ಭಕೋಶದ ಸ್ಕ್ಯಾನ್, ಆಂಟಿಫಾಸ್ಫೋಲಿಪಿಡ್ (ರಕ್ತ ಹೆಪ್ಪುಗಟ್ಟಿಸುವ ಪ್ರತಿಕಾಯಗಳ) ರಕ್ತಪರೀಕ್ಷೆಗಳ ಬಗ್ಗೆ ಮಂಡ್ಯದ ಮಿಮ್ಸ್‌ನಲ್ಲೋ ಮೈಸೂರಿನ ಚೆಲುವಾಂಬ ಆಸ್ಪತ್ರೆಯಲ್ಲೋ ಕೇಳಿ. ಕೊನೆಯದು ಪಾಸಿಟಿವ್ ಬಂದರೆ 12 ವಾರ ಬಿಟ್ಟು ಮತ್ತೊಮ್ಮೆ ಮಾಡಿಸಬೇಕು, ಒಂದಕ್ಕೇ ಹೆದರಬೇಡಿ. ಮುಂದಿನ ಗರ್ಭಕ್ಕೆ ಮುಂಚಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಶುರುಮಾಡಬಹುದು. ನಿಮಗೆ ಎಷ್ಟು ಬೇಕು ಎಂದು ಡಾಕ್ಟರೇ ಹೇಳಲಿ. ಉಪವಾಸ ಮಾಡಲೇಬೇಕು ಅನ್ನಿಸಿದರೂ ಅವರನ್ನೇ ಕೇಳಿ ಮಾಡಿ.

ಓಟಿ ಪಟ್ಟಿ ಶುಕ್ರವಾರ ಸಂಜೆ ತಯಾರಾಗುತ್ತದೆ ಎಂದು ಬರೆದಿದ್ದೀರಿ. ಅರ್ಜಿ ಬುಧವಾರದೊಳಗೆ ಆಫೀಸರ್ ಟೇಬಲ್ ಮೇಲಿರಲಿ. ಕೊಡುವ ಮುಂಚೆ ಮನೆಯಲ್ಲಿ ಒಮ್ಮೆ ಜೋರಾಗಿ ಓದಿ ನೋಡಿ, ಎಲ್ಲಾದರೂ ‘ದಯವಿಟ್ಟು ತಪ್ಪು ತಿಳಿಯಬಾರದು’ ಎಂದು ನುಸುಳಿದ್ದರೆ ಹೊಡೆದುಹಾಕಿ.