ಡೊಂಬಿವಲಿಯಲ್ಲಿರುವ ನನ್ನ ಚಿಕ್ಕಮ್ಮನ ಸ್ತನ ಕ್ಯಾನ್ಸರ್ ವರದಿಯಲ್ಲಿ ‘ಹರ್-2 ಪಾಸಿಟಿವ್, 3+’ ಎಂದರೆ ಏನು?

ಡೊಂಬಿವಲಿಯ ನಿಮ್ಮ ಚಿಕ್ಕಮ್ಮನ ವರದಿಯಲ್ಲಿರುವ ಆ ಮಾತಿನ ಅರ್ಥ, ಗಡ್ಡೆಯ ಕೋಶಗಳಲ್ಲಿ ಹರ್-2 ಎಂಬ ಜೀನ್ ಮಿತಿಮೀರಿ ಕೆಲಸ ಮಾಡುತ್ತಿದೆ ಎಂದು. ಜೀನ್ ಎಂದರೆ ಪ್ರೋಟೀನ್ ತಯಾರಿಸಲು ಕೋಶಕ್ಕಿರುವ ಸೂಚನೆ. ಆರೋಗ್ಯವಂತ ಕೋಶದಲ್ಲಿ ಈ ಜೀನಿನ ಎರಡೇ ಪ್ರತಿಗಳಿರುತ್ತವೆ. ಇಲ್ಲಿ ಅವು ಹಲವು ಪಟ್ಟು ಹೆಚ್ಚಿರುತ್ತವೆ. ಹೀಗಾಗಿ ಕೋಶದ ಹೊರಮೈಯಲ್ಲಿ ಹರ್-2 ಪ್ರೋಟೀನುಗಳು ಒತ್ತೊತ್ತಾಗಿ ಸೇರಿ, ಒಂದಕ್ಕೊಂದು ಜೋಡಿಯಾಗಿ, ಹೊರಗಿನ ಅಪ್ಪಣೆಗೆ ಕಾಯದೆ ‘ಒಡೆದು ಎರಡಾಗು’ ಎಂಬ ಸಂಕೇತವನ್ನು ಒಳಗೆ ಕಳುಹಿಸುತ್ತಲೇ ಇರುತ್ತವೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಗಡ್ಡೆಯ ಶೇ 10ಕ್ಕಿಂತ ಹೆಚ್ಚು ಕೋಶಗಳ ಸುತ್ತ ಪೂರ್ತಿಯಾಗಿ ದಟ್ಟ ಕಂದು ಗೆರೆ ಕಂಡರೆ ಅದೇ ‘3+’. ಇದೇ ಸಂಕೇತ ಕೋಶಗಳಿಗೆ ಜಾಗ ಬಿಟ್ಟು ಚಲಿಸುವ ಬಲವನ್ನೂ ಕೊಡುತ್ತದೆ, ಹರಡುವ ಭಯ ಇರುವುದು ಅದಕ್ಕೇ. ಹಾಗೆಂದು ದಯವಿಟ್ಟು ಎದೆಗುಂದಬೇಡಿ: ಈ ಪ್ರೋಟೀನಿಗೇ ಅಂಟಿಕೊಂಡು ಸಂಕೇತವನ್ನು ತಡೆಯುವ ಟ್ರಾಸ್ಟುಝುಮ್ಯಾಬ್ ಎಂಬ ಔಷಧ 1998ರಿಂದಲೇ ಬಳಕೆಯಲ್ಲಿದೆ.